ಖರ್ಚಿನ ಕಾಲಮ್ಮಿನಲ್ಲಿ ಅವ್ವ

ಬೆಂಗಳೂರಿನ ಹಳೇ ಪೇಟೆಯಲ್ಲಿ ಮಾಲಿನ ಹೆಸರಿಗೆ ಬೀದಿಗಳಿವೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ಕಸುಬಿನ ಹೆಸರಿಗೂ ಇವೆ: ಕುಂಬಾರಪೇಟೆ, ಗಾಣಿಗರಪೇಟೆ. ಮೂಟೆ ಹೊತ್ತವನ ಹೆಸರಿಗೆ ಒಂದು ಓಣಿಯೂ ಇಲ್ಲ. ನಮ್ಮಪ್ಪ ಅಕ್ಕಿಪೇಟೆಯಲ್ಲಿ ಹದಿನೆಂಟು ವರ್ಷ ಹಮಾಲಿ ಮಾಡಿದ. ಅವ್ವ ಮದ್ದೂರು ಸೀಮೆಯಲ್ಲಿ ಕಂಡವರ ಗದ್ದೆಗೆ ನಾಟಿ ಹಾಕ್ತಿದ್ದಳು. ಅವಳು ಕೆಸರಲ್ಲಿ ಊರಿದ ಪೈರೇ ಅಕ್ಕಿಯಾಗಿ ಬಂದು ಅಪ್ಪನ ಬೆನ್ನೇರ್ತಿತ್ತೋ ಏನೋ. ಆ ಎರಡು ಕೂಲಿಗಳ ನಡುವೆ ಎಷ್ಟು ಜನ ಲಾಭ ಎಣಿಸಿಕೊಂಡರು ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯೋದಕ್ಕೇ ಒಂದು ಡಿಗ್ರಿ ಇದೆ. ನಾನು ಅದನ್ನು ಓದಿದೆ.

ಅಗ್ರಿ ಬಿಸಿನೆಸ್ ಅಂತಾರೆ. ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಮುಂಚೆ ಇದರ ಹೆಸರು ಕೃಷಿ ಮಾರುಕಟ್ಟೆ ಮತ್ತು ಸಹಕಾರ. ‘ಸಹಕಾರ’ ಬಿದ್ದುಹೋಗಿ ‘ವ್ಯವಹಾರ’ ಬಂತು. ಓದಿದವರು ಬ್ಯಾಂಕಿನಲ್ಲಿ ಕೃಷಿ ಸಾಲದ ಅಧಿಕಾರಿಯಾಗ್ತಾರೆ, ಬೀಜ, ಗೊಬ್ಬರ, ಔಷಧಿ ಕಂಪನಿಗಳ ಸೇಲ್ಸಿಗೆ ಹೋಗ್ತಾರೆ, ಉಗ್ರಾಣ ನೋಡಿಕೊಳ್ತಾರೆ, ದೊಡ್ಡ ಅಂಗಡಿಗಳಿಗೆ ತರಕಾರಿ ಖರೀದಿ ಮಾಡ್ತಾರೆ.

ಮೊದಲ ವರ್ಷವೇ ನನ್ನ ತಲೆ ಕೆಡಿಸಿದ್ದು ವ್ಯವಸಾಯ ವೆಚ್ಚದ ಪಾಠ. ಕೈಯಿಂದ ಬಿಚ್ಚಿದ ಖರ್ಚು ಎ2. ಅದಕ್ಕೆ ಮನೆಯವರ ದುಡಿಮೆಗೆ ಕಟ್ಟಿದ ಬೆಲೆ ಸೇರಿಸು, ಸ್ವಂತ ಭೂಮಿಗೆ ಗೇಣಿ, ಸ್ವಂತ ಬಂಡವಾಳಕ್ಕೆ ಬಡ್ಡಿ ಹಿಡಿ, ಆಗ ಸಿ2. ಸಿ2 ಮೇಲೆ ಐವತ್ತು ಪರ್ಸೆಂಟ್ ಸೇರಿಸಿ ಬೆಂಬಲ ಬೆಲೆ ಕೊಡಿ ಅಂತ ರೈತರು ಬೀದಿಗಿಳಿದಾಗ ನಾನೂ ಗಂಟಲು ಹರಿಯೋ ಹಾಗೆ ಕೂಗಿದ್ದೇನೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಗೆಳೆಯರೆ, ಆ ಲೆಕ್ಕದೊಳಗೆ ನಮ್ಮವ್ವ ಎಲ್ಲಿದ್ದಾಳೆ? ಗೊಬ್ಬರದ ಕೆಳಗೆ, ಬಾಡಿಗೆ ಎತ್ತಿನ ಪಕ್ಕ, ‘ಕೂಲಿ’ ಎಂಬ ಒಂದು ಸಾಲಿನಲ್ಲಿ. ಗೊಬ್ಬರದ ಬೆಲೆ ತಗ್ಗಿಸೋದು ಸಣ್ಣ ರೈತನ ಕೈಯಲ್ಲಿಲ್ಲ, ಡೀಸೆಲ್ಲಿನದೂ ಇಲ್ಲ. ಬೆಲೆ ಬಿದ್ದ ವರ್ಷ ಅವನು ತಗ್ಗಿಸಬಹುದಾದ ಸಾಲು ಇದೊಂದೇ.

ಇನ್ನೊಂದು ಪಾಠ, ಗ್ರಾಹಕನ ರೂಪಾಯಿಯಲ್ಲಿ ಉತ್ಪಾದಕನ ಪಾಲು. 2024ರಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಅಧ್ಯಯನದ ಪ್ರಕಾರ ಊಟದ ತಟ್ಟೆಯ ಟೊಮೆಟೊಗೆ ನಾವು ಕೊಡೋ ರೂಪಾಯಿಯಲ್ಲಿ ರೈತನಿಗೆ ಸುಮಾರು 33 ಪೈಸೆ, ಈರುಳ್ಳಿಗೆ 36, ಆಲೂಗಡ್ಡೆಗೆ 37. ಅನ್ಯಾಯ ಕಣ್ಣಿಗೆ ಕಾಣುತ್ತೆ. ಆದರೆ ಈ ಉತ್ಪಾದಕ ಅಂದರೆ ಯಾರು? ಪಹಣಿಯಲ್ಲಿ ಹೆಸರಿದ್ದವನೋ, ಬಗ್ಗಿ ಕಿತ್ತವಳೋ? 2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ದೇಶದ ಜನರಲ್ಲಿ ಶೇ. 16.6. 2015-16ರ ಕೃಷಿ ಗಣತಿಯಲ್ಲಿ ಅವರ ಸಾಗುವಳಿಯಲ್ಲಿದ್ದ ಭೂಮಿ ಶೇ. 9ರ ಆಸುಪಾಸು. ಆ 33 ಪೈಸೆಯಲ್ಲಿ ಕೂಲಿಯವಳಿಗೆ ಎಷ್ಟು ಅಂತ ನಾನು ಕ್ಲಾಸಿನಲ್ಲಿ ಎದ್ದು ಕೇಳಿದೆ. ಅದು ಸಿಲಬಸ್ಸಿನಲ್ಲಿಲ್ಲ ಅಂದರು ಮೇಷ್ಟ್ರು. ಕೆಟ್ಟವರೇನಲ್ಲ, ನಿಜವನ್ನೇ ಹೇಳಿದರು.

ಹಾಗಾದರೆ ಈ ಓದು ನಮಗೆ ಬೇಡವೆ? ಬಂಡವಾಳಶಾಹಿಗೆ ಗುಮಾಸ್ತರನ್ನು ತಯಾರು ಮಾಡೋ ಓದು ಇದು ಅಂತ ನನ್ನ ಕೆಲವು ಸಂಗಾತಿಗಳು ಹೇಳ್ತಾರೆ. ಊರಲ್ಲಿ ನಾಲ್ಕೆಕರೆ ಇದ್ದೋರಿಗೆ ಈ ಮಾತು ಸಲೀಸು. ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಬರೆದರು. ತುಂಡು ಭೂಮಿ ಒಟ್ಟು ಮಾಡಿದರೆ ಸಾಕು ಅನ್ನೋರಿಗೆ, ಭೂಮಿಯ ಅಳತೆ ಒಂದನ್ನೇ ನೋಡಬೇಡಿ, ಬಂಡವಾಳ ಎಷ್ಟಿದೆ, ಕೆಲಸವಿಲ್ಲದೆ ಭೂಮಿಗೆ ಜೋತುಬಿದ್ದ ಕೈಗಳೆಷ್ಟು ಅಂತ ನೋಡಿ ಅಂದರು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಭೂಮಿ ಸರ್ಕಾರದ್ದಾಗಲಿ, ಬೇಸಾಯ ಸಾಮೂಹಿಕವಾಗಲಿ, ಜಮೀನ್ದಾರನೂ ಗೇಣಿದಾರನೂ ಭೂಹೀನ ಕೂಲಿಯೂ ಇಲ್ಲದಿರಲಿ ಅಂತ ಕೇಳಿದರು. ಅರ್ಥಶಾಸ್ತ್ರ ಅರೆದು ಕುಡಿದಿದ್ದಕ್ಕೇ ಅದನ್ನು ತಿರುಗಿಸಿ ಹಿಡಿಯೋ ಶಕ್ತಿ ಅವರಿಗಿತ್ತು.

ಅಪ್ಪನ ವಾದ ಇನ್ನೂ ನೇರ. “ಕೂಲಿ ಕೊಡೋ ಜಾಗ್ದಲ್ಲಿ ನಮ್ಮೋನೊಬ್ಬ ಕುಂತ್ಕಂಡ್ರೆ ಏನ್ಲಾ ತೆಪ್ಪು?” ಮನೆ ಮೇಲೆ ಸಾಲವೂ ಇತ್ತು. ಒಂದು ಕಂಪನಿಯ ಖರೀದಿ ವಿಭಾಗ ಸೇರಿದೆ.

ಎರಡನೇ ತಿಂಗಳು ನನಗೆ ಕೊಟ್ಟ ಕೆಲಸ, ಗೋಡೌನಿನಲ್ಲಿ ಮೂಟೆ ಇಳಿಸೋ ಖರ್ಚು ಎಷ್ಟು ತಗ್ಗಿಸಬಹುದು ಅಂತ ಲೆಕ್ಕ ಹಾಕೋದು. ಕವಿ ನಾನು, ಕೂಲಿಯ ಮೇಲೆ ಪದ್ಯ ಬರೆದೋನು. ಮೂಟೆಗೆ ಒಂದು ರೂಪಾಯಿ ತಗ್ಗಿಸಬಹುದು ಅಂತ ಬರೆದುಕೊಟ್ಟೆ. ನಾನು ಬರೆಯದಿದ್ದರೆ ಇನ್ನೊಬ್ಬ ಬರೀತಿದ್ದ ಅಂತ ಸಮಾಧಾನ ಮಾಡಿಕೊಂಡೆ. ಎಲ್ಲ ಗುಮಾಸ್ತರೂ ಹೇಳಿಕೊಳ್ಳೋ ಮಾತೇ ಅದು.

ರಾತ್ರಿ ಅಕ್ಕಿಪೇಟೆಯ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಕೊಕ್ಕೆ ಹಿಡಿದು ಗಟ್ಟಿಯಾದ ಅಂಗೈ ನೋಡಿಕೊಳ್ತಾ ಕೇಳಿದ: “ಆ ಜನಕ್ಕೆ ಹೇಳಿದ್ದೀಯೇನ್ಲಾ?”

ಹೇಳಿರಲಿಲ್ಲ. ಮಾರನೇ ದಿನ ಟೀ ಹೊತ್ತಲ್ಲಿ ಹಮಾಲರ ಮೇಸ್ತ್ರಿಗೆ ಆ ಹಾಳೆ ಓದಿ ಹೇಳಿದೆ. ಅವನು ಅದನ್ನು ಇಸ್ಕೊಂಡು ಮಡಚಿ ಜೇಬಿಗಿಟ್ಟುಕೊಂಡ. ಒಂದು ಮೂಟೆಗೆ ಕಂಪನಿಗೆ ಉಳಿಯೋದೆಷ್ಟು ಅಂತ ಈಗ ಅವರೂ ಕೇಳ್ತಿದ್ದಾರೆ. ಹಾಳೆ ಯಾರು ಕೊಟ್ಟರು ಅಂತ ಆಫೀಸಿನಲ್ಲೂ ಕೇಳ್ತಿದ್ದಾರೆ.