ಕೊಳೆಯದ ನಾಲಿಗೆ



ಜೂನ್ 13 ಪದುವಾದ ಸಂತ ಅಂತೋಣಿಯವರ ಹಬ್ಬ. ತಾಳವಾಡಿ ಬೆಟ್ಟದ ನಮಗೆ ಡೋರನಹಳ್ಳಿ ಹೊಸ ಹೆಸರಲ್ಲ. ಅಲ್ಲಿಗೆ ಹರಕೆ ಹೊತ್ತು ಹೋದವರು ನಮ್ಮಲ್ಲೂ ಇದ್ದಾರೆ.

ಲಿಸ್ಬನ್‌ನಲ್ಲಿ ಹುಟ್ಟಿದ ಅಂತೋಣಿಯವರು ಇಟಲಿ, ಫ್ರಾನ್ಸ್‌ಗಳಲ್ಲಿ ಶುಭಸಂದೇಶ ಸಾರಿ, 1231ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಮರುವರ್ಷವೇ ಜಗದ್ಗುರು ಒಂಬತ್ತನೇ ಗ್ರೆಗೊರಿಯವರು ಅವರನ್ನು ಸಂತರೆಂದು ಘೋಷಿಸಿದರು. 1263ರಲ್ಲಿ ಸಮಾಧಿ ತೆರೆದಾಗ ದೇಹ ಮಣ್ಣಾಗಿತ್ತು. ನಾಲಿಗೆ ಮಾತ್ರ ಕೊಳೆತಿರಲಿಲ್ಲ. ಸಂತ ಬೊನವೆಂತೂರರು ಅದನ್ನು ಕಂಡು ದೇವರನ್ನು ಕೊಂಡಾಡಿದರು. ಆ ಪವಿತ್ರ ಅವಶೇಷ ಇಂದಿಗೂ ಪದುವಾದ ಬಸಿಲಿಕದಲ್ಲಿದೆ.

ಹಾಗಾದರೆ ನಾವು ಅವಶೇಷವನ್ನು ಆರಾಧಿಸುತ್ತೇವೆಯೇ? ಇಲ್ಲ. ಆರಾಧನೆ ದೇವರೊಬ್ಬರಿಗೇ, ಸಂತರಿಗೆ ಸಲ್ಲುವುದು ಗೌರವ. ಎಲೀಷ ಪ್ರವಾದಿಯ ಎಲುಬು ತಗಲಿ ಸತ್ತವನು ಎದ್ದನೆಂದು ಅರಸುಗಳ ಎರಡನೇ ಗ್ರಂಥ ಹೇಳುತ್ತದೆ. ಬದುಕಿಸಿದ್ದು ಎಲುಬಲ್ಲ, ದೇವರು. ತೀರಿಹೋದ ತಾಯಿಯ ಜಪಸರವನ್ನು ಕಣ್ಣಿಗೊತ್ತಿಕೊಳ್ಳುವ ಮಗ ಮಣಿಗಳನ್ನು ಪೂಜಿಸುವುದಿಲ್ಲ. ತನಗಾಗಿ ಪ್ರಾರ್ಥಿಸಿದ ಕೈಯನ್ನು ನೆನೆಯುತ್ತಾನೆ.

ಆ ನಾಲಿಗೆಯನ್ನು ಗೌರವಿಸುವ ನಮ್ಮ ನಾಲಿಗೆ ಹೇಗಿದೆ? ಬಲಿಪೂಜೆಯಲ್ಲಿ ದೇವರನ್ನು ಸ್ತುತಿಸಿದ ಬಾಯಿಂದಲೇ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಬೈದಾಡಬಹುದೇ? ಒಂದೇ ಬಾಯಿಂದ ಸ್ತುತಿಯೂ ಶಾಪವೂ ಬರಬಾರದೆಂದು ಸಂತ ಯಕೋಬರು ತಮ್ಮ ಪತ್ರದ 3ನೇ ಅಧ್ಯಾಯದಲ್ಲಿ ಎಚ್ಚರಿಸುತ್ತಾರೆ. ಇನ್ನೊಂದು ಮಾತು: ಹಲವು ನುಡಿಗಳ ಈ ಧರ್ಮಪ್ರಾಂತ್ಯದಲ್ಲಿ ಕನ್ನಡದವರು ನಾವು ಕೆಲವರೇ. ಮನೆಯಲ್ಲಿ ಸಂಜೆಯ ಪ್ರಾರ್ಥನೆ ನಿಂತುಹೋದರೆ, ಅಜ್ಜಿ ಕಲಿಸಿದ ಜಪ ಮೊಮ್ಮಕ್ಕಳ ನಾಲಿಗೆಗೆ ಬರುವುದು ಹೇಗೆ?

ಈ ಹಬ್ಬಕ್ಕೆ ಮೊಂಬತ್ತಿಯ ಜೊತೆಗೆ ಇನ್ನೊಂದು ಕಾಣಿಕೆ ಕೊಡೋಣ. ಮಾತು ಬಿಟ್ಟವರ ಮನೆಗೆ ನಾವೇ ಮೊದಲು ಹೋಗಿ ಮಾತಾಡಿಸೋಣ. ರಾತ್ರಿ ಮಕ್ಕಳೊಂದಿಗೆ ಕುಳಿತು ಜಪಸರ ಹೇಳೋಣ.

ಸಂತ ಅಂತೋಣಿಯವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.