ಗೋಣಿಚೀಲವೂ ಅಹಿಂಸಾಣುವ್ರತವೂ

ಅಂಬ್ಲಿಗೊಳದ ಆಸುಪಾಸಿನಲ್ಲಾಗಲಿ, ಕನ್ನಡ ನಾಡಿನ ಬೇರಾವ ಹಳ್ಳಿಯಲ್ಲಾಗಲಿ, ಅಟ್ಟದ ಮೇಲೆ ಬೆಕ್ಕು ಮರಿ ಹಾಕಿತೆಂದರೆ ಮನೆಯವರಿಗೆ ಥಟ್ಟನೆ ಹೊಳೆಯುವ ಉಪಾಯವೊಂದೇ. ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಕೆರೆಯಾಚೆ ಮನೆಗಳಿಲ್ಲದ ಕಡೆ ಬಿಟ್ಟು ಬರುವುದು. ಕೊಲ್ಲಲಿಲ್ಲವಲ್ಲ ಎಂಬ ಸಮಾಧಾನದಿಂದ ಶ್ರಾವಕನು ಮರುದಿನ ಬಸದಿಗೆ ಹೋಗುತ್ತಾನೆ.

ಪಂಚಾಯಿತಿಗೆ ಅರ್ಜಿ ಕೊಟ್ಟವರು ಪಶು ಆಸ್ಪತ್ರೆಯ ಕಡೆ ಕೈ ತೋರಿಸಿಕೊಂಡು ಮರಳುತ್ತಾರೆ. ಪಶು ಆಸ್ಪತ್ರೆ ಇರುವುದು ಚಿಕಿತ್ಸೆಗೆ, ಬೆಕ್ಕು ಹಿಡಿಯುವುದಕ್ಕಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸಂತಾನ ನಿಯಂತ್ರಣ ನಿಯಮಗಳ ಹೆಸರಿನಲ್ಲಿಯೇ ನಾಯಿ ಇತ್ತು, ಬೆಕ್ಕು ಇರಲಿಲ್ಲ. 2023ರಲ್ಲಿ ಹೊಸ ನಿಯಮಗಳು ಬಂದ ಮೇಲೂ ಹಳ್ಳಿಯ ಅಟ್ಟದವರೆಗೆ ಏಣಿ ಹತ್ತಿ ಬರುವವರು ಅಪರೂಪ.

ಅಧಿಕಾರಿಗಳ ಉದಾಸೀನವನ್ನು ದೂರುವುದು ಸುಲಭ. ಆದರೆ 'ಇವನ್ನು ಒಯ್ಯಿರಿ' ಎಂದು ಬರೆದ ಅರ್ಜಿಯಲ್ಲಿ ಎಲ್ಲಿಗೆ, ಏತಕ್ಕೆ ಎಂಬ ಪ್ರಶ್ನೆ ಇರುತ್ತದೆಯೇ? ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿಂದಲೂ ಹಿಂಸೆ ಒಳಬರುವುದೆಂದು ಬಲ್ಲ ಮನೆತನಗಳಲ್ಲಿ ಈ ಪ್ರಶ್ನೆಯನ್ನು ಕೇಳದಿರುವುದು ಅಜ್ಞಾನವಲ್ಲ, ಜಾಣತನ.

ಬೆಕ್ಕು ಹಿಂಸ್ರ ಪ್ರಾಣಿ, ಅದು ತೊಲಗಿದರೆ ಇಲಿ, ಹಕ್ಕಿಗಳು ಬದುಕುವುವೆಂಬ ವಾದವೂ ಉಂಟು. ಒಂದು ಹಿಂಸ್ರ ಜೀವವನ್ನು ಕೊಂದರೆ ಹಲವು ಜೀವಗಳ ರಕ್ಷಣೆಯಾಗುವುದೆಂಬ ಎಣಿಕೆಯನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಳ್ಳಿಹಾಕಿದ್ದಾರೆ. ಚೀಲವಾದರೂ ಅದೇ ಎಣಿಕೆಯ ಮೆತ್ತನೆಯ ರೂಪ. ತಾಯಿಯ ಮೊಲೆ ಬಿಡದ ಮರಿ ಕಾಡಿನಂಚಿನಲ್ಲಿ ಎಷ್ಟು ದಿನ ಬದುಕೀತು? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಒಂದೇ ಗೋಣಿಚೀಲದಲ್ಲಿ ಎರಡೂ ಅಡಗಿವೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆನ್ನುತ್ತದೆ. ಮೊದಲ ತಪ್ಪಿಗೆ ಅದು ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಕಾನೂನಿನ ಭಯದಿಂದ ಯಾರೂ ಚೀಲ ಕೆಳಗಿಡಲಾರರು.

ಹಾಗಾದರೆ ಶಸ್ತ್ರಚಿಕಿತ್ಸೆ? ಹೆಣ್ಣುಬೆಕ್ಕು ಆರು ತಿಂಗಳು ತುಂಬುವ ಮೊದಲೇ ಗರ್ಭ ಧರಿಸಬಲ್ಲದು. ಒಂಬತ್ತು ವಾರಗಳಲ್ಲಿ ಈಯುತ್ತದೆ. ಮರಿ ಹುಟ್ಟದಂತೆ ಮಾಡದ ಹೊರತು ಚೀಲ ಮತ್ತೆ ಮತ್ತೆ ಕೈಗೆ ಬರುತ್ತದೆ. ಆದರೆ ಇಲ್ಲೊಂದು ಸಂಕಟವಿದೆ. ಛೇದವೂ ಆ ಐದರಲ್ಲೊಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಕಿವಿ, ಮೂಗು ಮೊದಲಾದ ಅವಯವಗಳನ್ನು ತೆಗೆಯುವುದೆಂದು ವಿವರಿಸಿದ್ದಾರೆ. ಶಸ್ತ್ರಚಿಕಿತ್ಸೆಯಾದ ಬೆಕ್ಕಿನ ಗುರುತಿಗೆಂದು ವೈದ್ಯರು ಕತ್ತರಿಸುವುದು ಕಿವಿಯ ತುದಿಯನ್ನೇ! ಹಿಂಸೆಯ ಲಕ್ಷಣವನ್ನು ಪ್ರಮತ್ತಯೋಗದಿಂದ ಅಳೆಯುವ ಶಾಸ್ತ್ರದಲ್ಲಿ, ನೋವು ತಿಳಿಯದಂತೆ ಮದ್ದಿತ್ತು, ಗಾಯ ಮಾಯುವವರೆಗೆ ಆರೈಕೆ ಮಾಡುವ ಕೈಯನ್ನೂ, ಇರುಳಲ್ಲಿ ಚೀಲದ ಬಾಯಿ ಬಿಚ್ಚಿ ಹಿಂದಿರುಗಿ ನೋಡದೆ ಬರುವ ಕೈಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ದೋಷವೇ ಇಲ್ಲವೆಂದಲ್ಲ; ಆ ದೋಷವನ್ನು ಕಣ್ಣೆದುರಿಗಿಟ್ಟುಕೊಂಡು, ಖರ್ಚನ್ನೂ ಓಡಾಟವನ್ನೂ ಹೊತ್ತುಕೊಳ್ಳುವುದು ಮನೆಯವರ ಪಾಲಿನದು.

ವ್ರತದ ದಿನಗಳ ಮಾತೂ ಒಂದಿದೆ. ಅಷ್ಟಮಿ, ಚತುರ್ದಶಿಗಳಂದು ಮನೆಮಂದಿಯೆಲ್ಲ ಉಪವಾಸವಿದ್ದು ಒಲೆ ಹೊತ್ತದಿದ್ದರೆ, ದಿನವೂ ತುತ್ತಿಗೆ ಬರುವ ಬೆಕ್ಕು ಅಡಿಗೆಮನೆಯ ಹೊಸ್ತಿಲಲ್ಲಿ ಕಾದು ಕಾದು ಹೋಗುತ್ತದೆ. ಉಪವಾಸದ ಸಂಕಲ್ಪ ಮಾಡಿದ್ದು ಮನೆಯವರು, ಬೆಕ್ಕಲ್ಲ.