ಮಾಡಿದವರು, ಉಂಡವರು

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ನಮ್ಮ ಹಿರಿಯರು ಎಷ್ಟು ನಿಶ್ಚಿಂತೆಯಿಂದ ಹೇಳಿಬಿಟ್ಟಿದ್ದಾರೆ! ಮಾಡಿದವನೂ ಒಬ್ಬ, ಉಣ್ಣುವವನೂ ಅವನೇ, ನಡುವೆ ಮೂರನೆಯವರಿಲ್ಲ. ಲೋಕದ ಲೆಕ್ಕ ಇಷ್ಟು ಚೊಕ್ಕಟವಾಗಿದ್ದರೆ ನ್ಯಾಯಾಧೀಶರಿಗೂ ಕೆಲಸ ಕಡಮೆ, ದೇವರಿಗೂ ಕೆಲಸ ಕಡಮೆ. ಈಚೆಗೆ ಕೆಲವು ವರ್ಷಗಳಿಂದ ಒಂದು ವಿಷಯ ಈ ಗಾದೆಯ ಮೇಲಿನ ನನ್ನ ಭರವಸೆಯನ್ನು ಅಲುಗಿಸುತ್ತಿದೆ. ಅದು ನಾಲ್ಕು ಜನರೆದುರು ಎತ್ತುವಂಥ ಸೊಗಸಾದ ವಿಷಯವೇನೂ ಅಲ್ಲ: ಸೆರೆಯಲ್ಲಿರುವ ಕಾಡುಪ್ರಾಣಿಗಳ ಕರುಳಿನ ಬ್ಯಾಕ್ಟೀರಿಯ. ಭಾನುವಾರ ಬೆಳಗಿನ ಕಾಫಿಯ ಹೊತ್ತಿನಲ್ಲಿ ಇದನ್ನು ಮುಂದಿಡುವುದಕ್ಕೆ ಓದುಗರು ಮನ್ನಿಸಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯವರಿಗೆ ಚಿರತೆ ಬಾವಿಗೆ ಬಿದ್ದ ಸುದ್ದಿ ಹೊಸದಲ್ಲ. ನಾಯಿಯನ್ನೋ ಕೋಳಿಯನ್ನೋ ಅಟ್ಟಿಕೊಂಡು ರಾತ್ರಿ ಅಂಗಳಕ್ಕೆ ಬಂದದ್ದು ಕಟ್ಟೆಯಿಲ್ಲದ ಬಾವಿಯೊಳಗೆ ಬೀಳುತ್ತದೆ. ಇಲ್ಲವೆ ಹಂದಿಗೆಂದು ಒಡ್ಡಿದ ಉರುಳಿಗೆ ಸೊಂಟ ಸಿಕ್ಕಿಸಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ಊರೆಲ್ಲ ನೆರೆದಿರುತ್ತದೆ; ಅರಣ್ಯ ಇಲಾಖೆಯವರು ಬಲೆ, ಬೋನು ತರುತ್ತಾರೆ. ಗಾಯವಿಲ್ಲದ್ದು ಕಾಡಿಗೆ ಮರಳುತ್ತದೆ. ಗಾಯಗೊಂಡದ್ದಕ್ಕೆ ಮದ್ದು ಬೇಕು, ಆರೈಕೆ ಬೇಕು. ಕೆಲವಕ್ಕೆ ಆಮೇಲೆ ಕಾಡೆಂಬುದೇ ಇಲ್ಲ. ಉಳಿದ ಆಯುಷ್ಯವೆಲ್ಲ ಸರಳುಗಳ ಹಿಂದೆಯೇ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ವಾಮಂಜೂರಿನ ಬಳಿ, ಶಿವರಾಮ ಕಾರಂತರ ಹೆಸರು ಹೊತ್ತ ಪಿಲಿಕುಳದ ನಿಸರ್ಗಧಾಮವಿದೆ. ಪಿಲಿಕುಳವೆಂದರೆ ತುಳುವಿನಲ್ಲಿ ಹುಲಿಯ ಕೊಳ. ಹಿಂದೆ ಹುಲಿ ತಾನಾಗಿ ನೀರು ಕುಡಿಯಲು ಬರುತ್ತಿದ್ದಿರಬಹುದಾದ ಕಡೆಯಲ್ಲಿ ಇಂದು ನಾವು ಟಿಕೀಟು ಕೊಂಡು ಹುಲಿಯನ್ನು ನೋಡುತ್ತೇವೆ.

ನನ್ನ ಮಿತ್ರರೊಬ್ಬರು ಪಶುವೈದ್ಯರು. ದನಗಳ ಕೆಚ್ಚಲುಬಾವಿಗೆ ಮದ್ದು ಮಾಡುವುದು ಅವರ ನಿತ್ಯದ ಕೆಲಸ. ಎಲ್ಲೋ ಒಮ್ಮೊಮ್ಮೆ ಕಾಡುಮೃಗಕ್ಕೂ ಕರೆ ಬರುತ್ತದೆ. “ಹಸುವಿಗಾದರೆ ಮೂಗುದಾರ ಹಿಡಿದು ಐದು ದಿನವೂ ಸೂಜಿ ಚುಚ್ಚಬಹುದು ಮಾರಾಯ್ರೆ, ಚಿರತೆಯ ಮೂಗುದಾರ ಹಿಡಿಯುವವರು ಯಾರು?” ಎಂದು ಅವರು ಕೇಳುತ್ತಾರೆ. ಪ್ರತಿ ಸಲವೂ ಮತ್ತು ಬರಿಸುವುದು ಪ್ರಾಣಿಗೇ ಅಪಾಯ. ಆದುದರಿಂದ ಮಾಂಸದಲ್ಲಿ ಗುಳಿಗೆ ಅಡಗಿಸಿಟ್ಟು ಕೊಡಬೇಕು. ಅದು ಮೂಸಿ ನೋಡಿ ಅರ್ಧ ತಿಂದು ಅರ್ಧ ಬಿಟ್ಟರೆ, ಒಳಗೆ ಹೋದ ಮದ್ದೆಷ್ಟು? ತೂಕವೂ ಕಣ್ಣಳತೆಯದೇ. ಮದ್ದು ಸಾಲದೆ ಹೋದರೆ ಬ್ಯಾಕ್ಟೀರಿಯದ ಪೈಕಿ ಬಡಕಲಾದವು ಸಾಯುತ್ತವೆ, ಗಟ್ಟಿಮುಟ್ಟಾದವು ಉಳಿಯುತ್ತವೆ, ಉಳಿದವು ಸಂಸಾರ ಹೂಡುತ್ತವೆ.

ಇಷ್ಟೇ ಆಗಿದ್ದರೆ ಅದು ಆ ಒಂದು ಚಿರತೆಯ ಕಷ್ಟವಾಗಿ ಮುಗಿಯುತ್ತಿತ್ತು. ಆದರೆ ಬ್ಯಾಕ್ಟೀರಿಯಗಳು ತಾವು ಕಲಿತದ್ದನ್ನು ಮಕ್ಕಳಿಗಷ್ಟೇ ಹೇಳಿಕೊಡುವುದಿಲ್ಲ, ನೆರೆಯವರಿಗೂ ಹಂಚುತ್ತವೆ. 1950ರ ದಶಕದಲ್ಲಿ ಜಪಾನಿನಲ್ಲಿ ಒಂದೇ ಸಲಕ್ಕೆ ಹಲವು ಮದ್ದುಗಳಿಗೆ ಬಗ್ಗದ ರಕ್ತಭೇದಿ ಕಾಣಿಸಿಕೊಂಡಿತು. ಆ ಶಕ್ತಿ ಒಂದು ಜಾತಿಯ ಬ್ಯಾಕ್ಟೀರಿಯದಿಂದ ಇನ್ನೊಂದು ಜಾತಿಗೆ ಬರಿಯ ಸ್ಪರ್ಶದಿಂದ ದಾಟುತ್ತದೆಂದು ಅಲ್ಲಿನ ಸಂಶೋಧಕರು 1959ರಲ್ಲಿ ತೋರಿಸಿದರು. ಉಂಗುರದಂಥ ಸಣ್ಣದೊಂದು ವಂಶತಂತು, ಪ್ಲಾಸ್ಮಿಡ್ ಎಂದು ಅದರ ಹೆಸರು, ಕೈಯಿಂದ ಕೈಗೆ ಹೋಗುವ ಸಂತೆಯ ಚೀಟಿಯಂತೆ ದಾಟಿಬಿಡುತ್ತದೆ. ಕರುಳೆಂಬುದು ದೊಡ್ಡ ಸಂತೆಯೇ ಸರಿ. 1885ರಲ್ಲಿ ಎಶೆರಿಕ್ ಎಂಬ ಜರ್ಮನ್ ವೈದ್ಯ ಹಸುಗೂಸುಗಳ ಮಲದಲ್ಲಿ ಕಂಡು ವಿವರಿಸಿದ ಇ. ಕೋಲಿ ಅಲ್ಲಿನ ಹಳೆಯ ವ್ಯಾಪಾರಿ, ಸಾಮಾನ್ಯವಾಗಿ ನಿರುಪದ್ರವಿ. ಮದ್ದಿಗೆ ಬಗ್ಗದಿರುವುದು ಬೇರೆ, ಕೇಡು ಮಾಡುವ ಉಗ್ರತೆ ಬೇರೆ. ನಮ್ಮ ಪತ್ರಿಕೆಗಳು ಎರಡನ್ನೂ ಒಂದೇ ಮಾಡಿ ಹೆದರಿಸುವುದುಂಟು. ಎರಡೂ ಒಂದೇ ಜೀವಿಯಲ್ಲಿ ಕೂಡಿದಾಗ ಮಾತ್ರ ನಿಜಕ್ಕೂ ಹೆದರಬೇಕಾದದ್ದು, ಕೂಡಬಹುದೆಂಬುದೂ ನಿಜ.

ಇನ್ನು ಮದ್ದನ್ನೇ ಕಾಣದ ಪ್ರಾಣಿಗಳ ಮಾತು. ಇಂಗ್ಲೆಂಡಿನ ಕಾಡಿಲಿಗಳಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯ ಧಾರಾಳವಾಗಿವೆ ಎಂದು 1999ರಲ್ಲಿ ಒಂದು ವರದಿ ಬಂತು. ಎರಡು ವರ್ಷದ ಮೇಲೆ ಫಿನ್ಲೆಂಡಿನವರು ತಮ್ಮ ಅರಣ್ಯದ ಕಡವೆ, ಜಿಂಕೆ, ಇಲಿಗಳನ್ನು ಪರೀಕ್ಷಿಸಿ, ನಮ್ಮಲ್ಲಿ ಹೆಚ್ಚುಕಡಮೆ ಏನೂ ಇಲ್ಲವೆಂದರು. ಫಿನ್ಲೆಂಡಿನ ಆ ಕಾಡುಗಳಲ್ಲಿ ಮನುಷ್ಯರೇ ವಿರಳ. ಇದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಕೀನ್ಯ ದೇಶದ ಬಬೂನ್ ಕಪಿಗಳ ವಿಚಾರ. 1985ರಲ್ಲಿ ಪ್ರಕಟವಾದ ಸಂಶೋಧನೆಯದು. ಕಾಡಿನಲ್ಲೇ ಮೇದು ಬದುಕುವ ಕಪಿಗಳಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯ ಕಡಮೆ. ಮನುಷ್ಯರು ಎಸೆದ ಎಂಜಲನ್ನು ಹೆಕ್ಕಿ ತಿನ್ನುವ ಕಪಿಗಳಲ್ಲಿ ಹೆಚ್ಚು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯುವ ಪುಣ್ಯಾತ್ಮರನ್ನು ಕಂಡಾಗಲೆಲ್ಲ ಈ ಕೀನ್ಯದ ಕಪಿಗಳು ನನಗೆ ನೆನಪಾಗುತ್ತವೆ. ಪುಣ್ಯಾತ್ಮರಿಗೆ ಹೇಳಿದರೆ ನಕ್ಕಾರು.

ಘಾಟಿಯ ಮಂಗಕ್ಕೇ ಹೀಗಾದರೆ ಸೆರೆಯ ಪ್ರಾಣಿಗೆ? ಅದು ತಿನ್ನುವ ಮಾಂಸ ನಮ್ಮ ಸಾಕಣೆಯದು, ಕುಡಿಯುವ ನೀರು ನಮ್ಮದು, ಬೋನು ತೊಳೆಯುವ ಕೈ ನಮ್ಮದು. ಒಂದು ಗುಳಿಗೆಯನ್ನೂ ನುಂಗದ ಪ್ರಾಣಿಯ ಕರುಳಿಗೂ ಊರಿನ ಔಷಧದಂಗಡಿಯ ವ್ಯವಹಾರವೆಲ್ಲ ಹೀಗೆ ಹೋಗಿ ಸೇರಬಲ್ಲದು.

ಪೆನ್ಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದ ಕೊನೆಯಲ್ಲಿ ಒಂದು ಕಲ್ಪಿತ ಕಥೆ ಹೇಳಿದ. ಒಬ್ಬಾತನಿಗೆ ಗಂಟಲುನೋವು. ತಾನೇ ಪೆನ್ಸಿಲಿನ್ ಕೊಂಡು ಅರೆಬರೆ ಸೇವಿಸುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಮದ್ದನ್ನು ಎದುರಿಸಲು ಕಲಿಯುತ್ತವೆ. ಅವು ಅವನ ಹೆಂಡತಿಗೆ ಅಂಟುತ್ತವೆ, ಅವಳಿಗೆ ಪೆನ್ಸಿಲಿನ್ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರು ಎಂದು ಫ್ಲೆಮಿಂಗ್ ಕೇಳಿ, ಗಂಡನೇ ಎಂದು ತೀರ್ಪು ಕೊಟ್ಟ. ಕಥೆಯಲ್ಲಿ ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು. ಗಾದೆ ಆಗಲೇ ಅರ್ಧ ಮುರಿದಿತ್ತು. ಆದರೂ ಇಬ್ಬರಿಗೂ ಒಂದು ಮನೆಯಿತ್ತು, ಬೊಟ್ಟುಮಾಡಿ ತೋರಿಸಲು ಒಬ್ಬ ಗಂಡನಿದ್ದ. ಪಂಜರದ ಚಿರತೆಯ ಕರುಳಿನ ವಿಚಾರದಲ್ಲಿ ನಾವು ಯಾರನ್ನು ತೋರಿಸೋಣ? ಕೋಳಿ ಬೇಗ ಕೊಬ್ಬಲೆಂದು ಮೇವಿಗೆ ಮದ್ದು ಬೆರೆಸಿದವರನ್ನೇ? ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ಬೇಡುವ ರೋಗಿಯನ್ನೇ, ಬೇಡಿದನೆಂದು ಬರೆದುಕೊಡುವ ವೈದ್ಯರನ್ನೇ? ಎರಡು ದಿನದಲ್ಲಿ ಗುಣ ಕಂಡಿತೆಂದು ಉಳಿದ ಗುಳಿಗೆಗಳನ್ನು ಕಪಾಟಿನಲ್ಲಿಟ್ಟ ಮನೆಯೊಡತಿಯನ್ನೇ? ಒಬ್ಬೊಬ್ಬರೂ ಮಾಡಿದ್ದು ಎಳ್ಳಷ್ಟು. ಎಳ್ಳಷ್ಟಕ್ಕೆ ಯಾವ ಕೋರ್ಟು ಶಿಕ್ಷೆ ಕೊಟ್ಟೀತು?

ಬೆಳ್ತಂಗಡಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಧರ್ಮಸ್ಥಳದ ಚತುರ್ದಾನದ ಮಾತು ಎಳವೆಯಿಂದ ಕಿವಿಗೆ ಬಿದ್ದಿರುತ್ತದೆ: ಅನ್ನ, ಔಷಧ, ವಿದ್ಯೆ, ಅಭಯ. ಜೈನರಲ್ಲಿ ಬಹು ಹಿಂದಿನಿಂದ ಬಂದ ವಿಂಗಡಣೆಯಿದು. ನಾಲ್ಕೂ ಒಂದೇ ತಾಯಿಯ ಮಕ್ಕಳೆಂದು ನಾವು ನಂಬಿ ಬಂದೆವು. ಈಗ ನೋಡಿದರೆ ಔಷಧದಾನಕ್ಕೂ ಅಭಯದಾನಕ್ಕೂ ಜಗಳ ಹತ್ತಿದೆ. ಈ ಚಿರತೆಗೆ ಇಂದು ಕೊಟ್ಟ ಔಷಧ, ನಾಳೆ ಹೆಸರೂ ಮುಖವೂ ಗೊತ್ತಿಲ್ಲದ ಯಾವುದೋ ಜೀವದ ಅಭಯವನ್ನು ಸ್ವಲ್ಪ ಕಿತ್ತುಕೊಳ್ಳುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಜಗಲಿಯಲ್ಲಿ ಕುಳಿತಾಗ ಜೈನಶಾಸ್ತ್ರ ಹೇಳುವ ನಿಗೋದದ ನೆನಪೂ ಬರುತ್ತದೆ: ಲೆಕ್ಕಕ್ಕೆ ಸಿಕ್ಕದ, ಒಂದೇ ಒಡಲನ್ನು ಹಂಚಿಕೊಂಡು ಬಾಳುವ ಅತಿಸೂಕ್ಷ್ಮ ಜೀವಗಳು. ಅದೇ ಇಂದಿನ ಬ್ಯಾಕ್ಟೀರಿಯವೆಂದು ಬೀಗುವವರ ಗುಂಪಿಗೆ ನಾನು ಸೇರಿದವನಲ್ಲ. ಕಾಣದಿರುವುದೂ ನಮ್ಮ ನಡತೆಯ ಲೆಕ್ಕಕ್ಕೆ ಬರುತ್ತದೆಂದು ಅವರು ತಿಳಿದಿದ್ದರು. ನನಗೆ ಬೇಕಾದದ್ದು ಅಷ್ಟೇ.

ಹಾಗಾದರೆ ಚಿರತೆಗೆ ಮದ್ದು ಕೊಡುವುದೇ ತಪ್ಪೆ? ಕೆಲವು ತರ್ಕಿಗಳು ಹಾಗೆನ್ನುತ್ತಾರೆ: ಕಾಡಿನಲ್ಲಿದ್ದರೆ ಸಾಯುತ್ತಿತ್ತು, ಸಾಯಲಿ. ನನಗೆ ಇದು ಒಪ್ಪಿಗೆಯಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯ ಹತ್ತಿರದ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ ಸುಮಾರು 30 ಕೃಷ್ಣಮೃಗಗಳು ಗಳಲೆರೋಗದಿಂದ ಸತ್ತವು. ಅದು ಕರುಳಿನ ಬ್ಯಾಕ್ಟೀರಿಯವಲ್ಲ, ಆದರೂ ಉಗ್ರವಾದದ್ದು. ಬಯಲಿನಲ್ಲಿ ಕೃಷ್ಣಮೃಗದ ಓಟಕ್ಕೆ ಸಾಟಿಯಿಲ್ಲ; ಬೇಲಿಯೊಳಗೆ ಆ ಓಟ ಯಾವ ಕೆಲಸಕ್ಕೆ ಬಂದೀತು? ರೋಗದ ನೆಲವನ್ನು ಬಿಟ್ಟು ಹೋಗುವುದು, ಹಿಂಡಿನಿಂದ ಸರಿದು ನಿಲ್ಲುವುದು, ಇವೇ ಅವುಗಳಿಗಿದ್ದ ಔಷಧ. ಅದನ್ನು ಕಿತ್ತುಕೊಂಡವರು ನಾವು. ಕಿತ್ತುಕೊಂಡ ಮೇಲೆ ನಮ್ಮ ಮದ್ದನ್ನೂ ಕೊಡೆವೆಂದರೆ ಅದು ಜಿಪುಣತನವೇ ಹೊರತು ವಿವೇಕವಲ್ಲ. ಮದ್ದಿನ ಮೇಲೆ ಯಾರಿಗಾದರೂ ಮೊದಲ ಹಕ್ಕಿದ್ದರೆ ಅದು ನಾವು ಕೂಡಿಹಾಕಿದವರದು. ಕೈಬಿಗಿ ತೋರಬೇಕಾದದ್ದು ಬೇರೆ ಕಡೆ.

ಬೇರೆ ಕಡೆಯೆಂದರೆ ನಮ್ಮ ಮನೆಯ ಕಪಾಟು, ನಮ್ಮ ಕೋಳಿಗೂಡು. ಮನುಷ್ಯರಿಗೆ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿಗಳು ಕೊಬ್ಬಲೆಂದು ಮೇವಿಗೆ ಬೆರೆಸುತ್ತಿದ್ದರು. ಅದಕ್ಕೂ ಬಗ್ಗದ ಗುಣ ಪ್ಲಾಸ್ಮಿಡ್ಡಿನ ಮೇಲೆ ಕುಳಿತು ಸಂಚರಿಸುತ್ತಿದೆಯೆಂದು 2015ರಲ್ಲಿ ಚೀನದಿಂದ ಸುದ್ದಿ ಬಂತು; 2019ರಲ್ಲಿ ನಮ್ಮ ಸರಕಾರ ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಕೆಲವು ಮದ್ದುಗಳನ್ನು ಮಾರುವಾಗ ಕೊಂಡವರ ಹೆಸರು ಬರೆದಿಡಬೇಕೆಂಬ ಕಟ್ಟಳೆ 2014ರಿಂದ ಇದೆ. ಕಟ್ಟಳೆಯ ಪುಸ್ತಕ ಎಷ್ಟು ಅಂಗಡಿಗಳ ಗಲ್ಲೆಯ ಪಕ್ಕದಲ್ಲಿ ಬಿಡಿಸಿಟ್ಟಿರುತ್ತದೆಂಬುದನ್ನು ಓದುಗರೇ ಒಮ್ಮೆ ಇಣುಕಿ ನೋಡಬಹುದು. ಬಂಟ್ವಾಳದ ತುಂಬೆಯಲ್ಲಿ ನೇತ್ರಾವತಿಯನ್ನು ತಡೆದು ಮಂಗಳೂರಿಗೆ ಕುಡಿಯಲು ಕೊಡುತ್ತಾರೆ. ಮೇಲಿನ ಊರುಗಳಲ್ಲಿ ನುಂಗಿದ ಎಷ್ಟೋ ಮದ್ದುಗಳು ಒಡಲಿನಲ್ಲಿ ಪೂರ್ತಿ ಕರಗದೆ ಹೊರಬೀಳುವಂಥವು. ಘಟ್ಟದ ಮೇಲಿನವರು, ಕೆಳಗಿನವರು ಎಂಬ ಭೇದ ನೀರಿಗಿಲ್ಲ.

ಮೊನ್ನೆ ಮಿತ್ರರು ಸಿಕ್ಕಿದ್ದರು. ಈಗ ಅವರು ಮದ್ದು ಆರಿಸುವ ಮೊದಲು ಗಾಯದ ಕೀವನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರಂತೆ. ಯಾವ ಮದ್ದು ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಉತ್ತರ ಬರಲು ಎರಡು ಮೂರು ದಿನ ಬೇಕು. “ಅಷ್ಟು ದಿನ ಜ್ವರದಲ್ಲಿ ನರಳುವುದನ್ನು ಬರಿದೆ ನೋಡುತ್ತ ಕೂರುವುದು ನನ್ನಿಂದಾಗುವುದಿಲ್ಲ” ಎಂದರು. ಆದ್ದರಿಂದ ಅಂದಾಜಿನ ಮೇಲೆ ಒಂದನ್ನು ಶುರುಮಾಡಿ, ಉತ್ತರ ಬಂದ ದಿನ ಬೇಕಾದರೆ ಬದಲಿಸುತ್ತಾರೆ. ಚಿರತೆ ಮಾಂಸದಲ್ಲಿ ಎಷ್ಟು ತಿಂದಿತು, ಎಷ್ಟು ಬಿಟ್ಟಿತು ಎಂಬುದನ್ನು ಈಗ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಾರಂತೆ.